ಸುಣ್ಣದ ಡಬ್ಬಿಯ ಅಳತೆ

ನೈಟ್ ಡ್ಯೂಟಿ ಇಲ್ಲದ ರಾತ್ರಿ
ಗುತ್ತಲು ರಸ್ತೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ
ತೊಳೆದ ತಟ್ಟೆಗಳು ಬೋರಲು ಬಿದ್ದ ಮೇಲೆ
ಹಳೆಯ ಎಕ್ಸ್‌ರೇ ಹಾಳೆಯಿಂದ ಕತ್ತರಿಸಿಕೊಂಡ ಅಚ್ಚನ್ನು
ತೊಗಲಿನ ಮೇಲಿಟ್ಟು ಗೆರೆ ಎಳೆಯುತ್ತೇನೆ.
ಯಾರದೋ ಪಕ್ಕೆಲುಬಿನ ನೆರಳು.
ಅದು ಮುಗಿಯುವಲ್ಲಿಗೆ ನನ್ನ ಪರ್ಸಿನ ಅಳತೆ.

ಎರಡು ಸೂಜಿ, ಒಂದೇ ದಾರ.
ಒಂದೇ ತೂತಿಗೆ ಎದುರುಬದುರು ಹೊಕ್ಕು
ಒಂದನ್ನೊಂದು ಚುಚ್ಚದೆ ಹಾಯಬೇಕು.
ಚುಚ್ಚಿತೋ, ಬಿಚ್ಚು. ಮತ್ತೆ.
ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವುದು ಡಾಕ್ಟರು,
ಕತ್ತರಿ ಹಿಡಿದು ದಾರ ತುಂಡರಿಸುವುದಷ್ಟೇ ನಾನು.
ಇಲ್ಲಿ ಎರಡೂ ಕೈ ನನ್ನವೇ.
ಇಲ್ಲಿ ಯಾರೂ ನರಳುವುದಿಲ್ಲ.

ಕ್ಯಾಶುಯಲ್ಟಿಯ ರಿಜಿಸ್ಟರಿನಲ್ಲಿ ಒಂಬತ್ತು ವರ್ಷ
ಬರೆದದ್ದು ಇಂಥವನ್ನೇ:
ಪರ್ಸು ಒಂದು, ಕಂದು ಬಣ್ಣ, ಒದ್ದೆ.
ನೂರಾ ನಲವತ್ತು ರೂಪಾಯಿ.
ಮಳವಳ್ಳಿ ಬಸ್ಸಿನ ಟಿಕೆಟ್ಟು.
ರೇಷನ್ ಕಾರ್ಡಿನ ಜೆರಾಕ್ಸು, ಮಡಿಕೆಯಲ್ಲಿ ಹರಿದದ್ದು.
ಪೇಪರಿನಲ್ಲಿ ಕಟ್ಟಿದ ಮಾದಪ್ಪನ ವಿಭೂತಿ.
ಪ್ಲಾಸ್ಟಿಕ್ಕಿಗೆ ಅಂಟಿಹೋದ ಹುಡುಗಿಯೊಬ್ಬಳು,
ಕಿತ್ತರೆ ಮುಖವೇ ಎದ್ದು ಬರುವಳು.
ಕೀಳಲಿಲ್ಲ. ‘ಫೋಟೊ ಒಂದು’ ಎಂದಷ್ಟೇ ಬರೆದೆ.
ಪಡೆದುಕೊಂಡವರ ಸಹಿ. ಅಥವಾ ಹೆಬ್ಬೆಟ್ಟು.

ಅದಕ್ಕೇ ನಾನು ಮಾಡುವ ಪರ್ಸಿನ ಫೋಟೊ ಜೇಬಿಗೆ
ಪ್ಲಾಸ್ಟಿಕ್ ಇಲ್ಲ.
ತೊಗಲೇ, ಒಳಮೈ ನಯಮಾಡಿದ್ದು,
ಒಂದು ಬದಿ ಹೆಬ್ಬೆರಳಿನಷ್ಟು ತೆರೆದದ್ದು,
ಬೇರೆಯವರ ಕೈಯೂ ಹರಿಯದೆ ಹೊರತೆಗೆಯುವ ಹಾಗೆ.

‘ಒಳ್ಳೇ ಹವ್ಯಾಸ, ಬಿಪಿ ಇಳಿಯುತ್ತೆ’
ಅಂದರು ಹೆಡ್ ನರ್ಸ್ ಫಿಲೋಮಿನಾ.
ಅವ್ವನಿಗೆ ಆ ಮಾತು ಹತ್ತಲಿಲ್ಲ.
‘ನಿಮ್ತಾತ ತಂಗಡಿ ಚಕ್ಕೆ ನೀರಲ್ಲಿ ನಿಂತೂ ನಿಂತೂ
ಕಾಲುಗುರೆಲ್ಲ ಕೆಂಪಗಾಗಿದ್ದೊ.
ಆ ನಾತ ಬುಡ್ಸಕ್ಕೆ ಅಂತ್ಲೆ ನಿನ್ನ ನರ್ಸು ಓದ್ಸಿದ್ದು.
ಈಗ ದುಡ್ಡು ಕೊಟ್ಟು ತತ್ತೀಯಾ ಅದ್ನೇ?’
ಉತ್ತರ ಹೊಳೆಯಲಿಲ್ಲ.
ಫ್ಯಾಕ್ಟರಿ ಕಬ್ಬು ಅರೆಯಲು ಶುರುವಾದ ತಿಂಗಳು;
ಕಿಟಕಿ ತೆರೆದರೆ ಕಾಕಂಬಿಯ ಕಮಟು,
ಮುಚ್ಚಿದರೆ ತೊಗಲಿನದು.
ತೆರೆದೇ ಇಟ್ಟೆ.

ತಾತನ ರಂಪಿಗೆ ಯಾರ ಪಾಲಾಯಿತೋ.
ನನ್ನ ಚಾಕು ಕೊರಿಯರಿನಲ್ಲಿ ಬಂದದ್ದು, ಹಿಡಿಯ ಮೇಲೆ ಕಂಪನಿ ಹೆಸರು.
ಅವನು ಹೊಲಿದ ಮೆಟ್ಟು ಮೆಟ್ಟಿದವರ ಜಗಲಿಯ ಮೇಲೆ
ಅವನೆಂದೂ ಕೂತವನಲ್ಲ.
ನಾನು ಹೊಲಿದ ಪರ್ಸನ್ನು ಡಾಕ್ಟರ್ ವೃಷಭೇಂದ್ರ
ಬಿಳಿಕೋಟಿನ ಜೇಬಿನಲ್ಲಿಟ್ಟು ರೌಂಡ್ಸಿಗೆ ಬರುತ್ತಾರೆ.
ಹೊಲಿದದ್ದು ಯಾರೆಂದು ಗೊತ್ತು.
ಯಾರ ಮೊಮ್ಮಗಳೆಂದು ಕೇಳಿಲ್ಲ.
ನಾನೂ ಹೇಳಿಲ್ಲ.

ಕೊನೆಯ ಕೆಲಸ ಅಂಚು.
ಕೊಯ್ದಲ್ಲಿ ಪದರ ಪದರ ಕಾಣುತ್ತದೆ, ಜುಂಗು ಜುಂಗು.
ಹುಣಸೆಬೀಜದ ಅಂಟು ಸವರಿ, ಆರುವ ಮುನ್ನ
ಮುರಿದ ಲಟ್ಟಣಿಗೆಯ ತುಂಡಿನಿಂದ ಉಜ್ಜು.
ಮರ ಬಿಸಿಯಾಗುವವರೆಗೆ ಉಜ್ಜು.
ನಾಲ್ಕು ಪದರ ಒಂದೇ ಅನ್ನಿಸುವವರೆಗೆ.
ಆಮೇಲೂ ಅವು ನಾಲ್ಕೇ;
ಬೆರಳಿಗೆ ಮಾತ್ರ ಒಂದು.

ಮೊನ್ನೆ ಹನ್ನೊಂದರ ಮೇಲೆ ಅವ್ವ ನೀರಿಗೆಂದು ಎದ್ದು ಬಂದಳು.
ಮುಗಿದದ್ದನ್ನು ಎತ್ತಿ ಮೂಸಿದಳು.
ಕಿವಿಯ ಹತ್ತಿರ ಹಿಡಿದು, ಬಾಗಿಸಿ, ಕೇಳಿಸಿಕೊಂಡಳು.
‘ಇನ್ನೂ ಎಣ್ಣೆ ಕುಡ್ದಿಲ್ಲ ಇದು.
ಹೊಂಗೆಣ್ಣೆ ಸವರು. ಬಿಸ್ಲಲ್ಲಲ್ಲ, ನೆಳ್ಳಲ್ಲಿ ಮಡುಗು.’
ಮಲಗಲು ಹೊರಟವಳು ಬಾಗಿಲಲ್ಲಿ ನಿಂತು
ಕ್ಯಾಲೆಂಡರು ನೋಡುತ್ತ ಅಂದಳು:
‘ನೋಟಿಗೆ ಜಾಗ ಮಾಡಿದ್ದೀಯ, ಕಾರ್ಡಿಗೆ ಮಾಡಿದ್ದೀಯ.
ಎಲಡ್ಕೆಗೆ?’

ಈಗ ಮೇಜಿನ ಮೇಲೆ ಅವಳ ಸುಣ್ಣದ ಡಬ್ಬಿ.
ಅಡ್ಡ ಮೂವತ್ತೊಂದು ಮಿಲಿಮೀಟರು, ಎತ್ತರ ಹತ್ತೊಂಬತ್ತು,
ಮುಚ್ಚಳ ಒಂದು ಕಡೆ ನೆಗ್ಗಿದೆ.
ನೆಗ್ಗನ್ನೂ ಅಳತೆಗೆ ಸೇರಿಸಬೇಕೋ, ಬಿಡಬೇಕೋ,
ಬೆಳಿಗ್ಗೆ ಕೇಳಬೇಕು.