ನಲವತ್ತೊಂದನೆಯ ವಿಧಿ

ಬಾ ಓಯ್ವಾ, ಬೂಟು ಬಾಗಿಲಲ್ಲೇ ಬಿಡು,
ಹಿಮ ಕರಗಿ ನಕ್ಷೆಯ ತನಕ ಹರಿದು ಬರುತ್ತದೆ.
ಕೆಮಿ ಊರಿನ ಗ್ರಂಥಾಲಯದ ನೆಲಮಾಳಿಗೆ ಇದು,
ಗುರುವಾರ ಆರರಿಂದ ಒಂಬತ್ತರವರೆಗೆ ಲೋಕ.
ಆಮೇಲೆ ಕಾವಲಿನವನು ದೀಪ ಆರಿಸುತ್ತಾನೆ,
ದೇವತೆಗಳೂ ತಮ್ಮ ಕುರ್ಚಿ ತಾವೇ ಮಡಚಿಡಬೇಕು.

ಪುಸ್ತಕ ನಾನೇ ಬರೆದದ್ದು, ಕಾಗದದ ಗಿರಣಿ ಮುಚ್ಚಿದ ವರ್ಷ,
ಪ್ರಯೋಗಶಾಲೆಯಿಂದ ಹೊತ್ತು ತಂದ ಕೊನೆಯ ರೀಮಿನ ಮೇಲೆ.
ಎಂಬತ್ತು ಗ್ರಾಮು, ಬಿಳುಪು ಒಂದು ಕೂದಲೆಳೆ ಕಮ್ಮಿ.
ತಪಾಸಣೆಯಲ್ಲಿ ನಾನೇ ತಿರಸ್ಕರಿಸಿದ ಮಾಲು.
ಒಂದು ಸೃಷ್ಟಿಗೆ ಅಷ್ಟು ಸಾಕು.

ಮೊದಲು ನೀರಿತ್ತು ಅನ್ನಬೇಡ, ಎಲ್ಲರೂ ಹಾಗೇ ಅನ್ನುತ್ತಾರೆ.
ಇಲ್ಲಿ ಮೊದಲು ಸಾಲವಿತ್ತು.
ನದಿಯ ಬಳಿ ಹೊಳಪು ಕಡ ತಂದ ಸೂರ್ಯ
ತೀರಿಸಲಾಗದೆ ತಲೆಮರೆಸಿಕೊಂಡ,
ಹೋಗಿ ಹೋಗಿ ಜೇನಂಗೈಯವನ ಹೊಟ್ಟೆಯೊಳಗೆ.
(ಆ ನಾಲ್ಕು ಕಾಲಿನವನ ನಿಜವಾದ ಹೆಸರು ಮೇಜಿನ ಬಳಿ ಆಡುವಂತಿಲ್ಲ.
ಆಡಿದರೆ ನಿನ್ನ ಸರದಿ ಹೋಯಿತು.
ಕಾಡಿನಲ್ಲಿ ಆಡಿದರೆ ಏನಾಗುತ್ತದೆಂದು
ನನ್ನಜ್ಜಿಯನ್ನು ಕೇಳಬೇಕಿತ್ತು, ಕೇಳಲಿಲ್ಲ.)

ಮೂರನೆಯ ವಿಧಿ: ನೆಲಕ್ಕೆ ಬಿದ್ದ ಗರ ಗರವಲ್ಲ.
ಇದನ್ನು ನೆನಪಿಡು, ಮತ್ತೆ ಬರುತ್ತದೆ.
ಏಳನೆಯದು: ನಿನ್ನ ದೇವರನ್ನು ಮೂರು ಸಲ ಕೂಗಬಹುದು.
ನಾಲ್ಕನೆಯ ಸಲ ಅವರೇ ನಿನ್ನನ್ನು ಕೂಗುತ್ತಾರೆ,
ಹೋಗಲೇಬೇಕು, ಕತ್ತಿ, ಹೇಸರಗತ್ತೆ,
ಅರ್ಧಕ್ಕೆ ನಿಂತ ಜಗಳ, ಎಲ್ಲ ಹಾಗ್ಹಾಗೇ ಬಿಟ್ಟು.
ಸತ್ತವರ ಹಾಳೆ ಹರಿಯಕೂಡದು.
ಆ ಹಸಿರು ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತೊಂಬತ್ತು ಮಂದಿ ಇದ್ದಾರೆ,
ಮುಚ್ಚಳ ತೆಗೆದರೆ ಈಗಲೂ ಶುಂಠಿಯ ವಾಸನೆ.

ಮತ್ತೆ ಈ ಸರೋವರ ನೋಡು, ವಿಧಿಯಲ್ಲಿ ಇರಲಿಲ್ಲ.
ತೈಮಿ ಕಾಫಿ ಚೆಲ್ಲಿದಳು, ಮೂರು ಹಳ್ಳಿ ಮುಳುಗಿದವು.
ಲೋಟ ಕೂತಿದ್ದ ಒಣ ಉಂಗುರವೇ ದ್ವೀಪ.
ಅಲ್ಲಿ ಈಗ ಗಂಟೆ ಬಾರಿಸುವ ಸನ್ಯಾಸಿನಿಯರಿದ್ದಾರೆ,
ತಮ್ಮ ದ್ವೀಪ ಅನಾದಿ ಎಂದು ನಂಬಿದ್ದಾರೆ.
ನಾನು ತಿದ್ದಲು ಹೋಗಿಲ್ಲ.

ನಲವತ್ತೊಂದು, ಎಲ್ಲಕ್ಕಿಂತ ಕಷ್ಟದ್ದು:
ನಡೆದುಹೋದ ಪುರಾಣದೊಳಗೆ ಹೊಕ್ಕು ಮತ್ತೆ ನಡೆಯಬಹುದು.
ಹಳೆಯ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟರೆ ಬಲ ಬರುತ್ತದೆ.
ಹೆಜ್ಜೆ ತಪ್ಪಿಸಿ ಕತೆ ಬದಲಿಸಿದರೆ
ಎಲ್ಲರೂ ಹೊಸದನ್ನೇ ನಿಜವೆಂದು ನೆನೆಯುತ್ತಾರೆ,
ಬದಲಿಸಿದವನೊಬ್ಬನಿಗೆ ಮಾತ್ರ ಹಳೆಯದು ಮರೆಯುವುದಿಲ್ಲ.

ಹದಿನಾಲ್ಕು ಚಳಿಗಾಲ ಎಲ್ಲರೂ ಹಳೆಯ ಹೆಜ್ಜೆಯಲ್ಲೇ ನಡೆದರು.
ಗವಿ, ಈಟಿ, ಸೀಳಿದ ಹೊಟ್ಟೆ, ಬೆಳಕು,
ಮತ್ತೆ ತೈಮಿ ತಂದ ಏಲಕ್ಕಿಯ ಬನ್ನು.
ಹೋದ ಗುರುವಾರ ವಿಲ್ಪ್ಪು ಈಟಿ ಕೆಳಗಿಟ್ಟ.
ಹಡಗುಕಟ್ಟೆಯಲ್ಲಿ ಕ್ರೇನು ನಡೆಸುವ ಮನುಷ್ಯ, ಮಾತು ಕಮ್ಮಿ.
"ಕೊಲ್ಲುವುದಿಲ್ಲ," ಅಂದ. "ಕೇಳಿ ನೋಡುತ್ತೇನೆ,
ಹೊಟ್ಟೆಯಲ್ಲಿ ಅದನ್ನಿಟ್ಟುಕೊಂಡು ಮಲಗುವುದು
ನಿನಗೆ ಉರಿಯುವುದಿಲ್ಲವಾ ಅಂತ."

ನಾನು ಪುಟ ತಿರುವಿದೆ. ಈಟಿಗೆ ಹನ್ನೊಂದು ವಿಧಿ,
ಬಲೆಗೆ ಐದು, ವಿಷಕ್ಕೆ ಒಂದೂವರೆ ಪುಟ.
ಕೇಳುವುದಕ್ಕೆ ಒಂದೂ ಇಲ್ಲ.
ಬರೆದವಳು ನಾನೇ, ಯಾರನ್ನು ಬೈಯಲಿ?
"ಹಾಕು ಗರ," ಅಂದೆ.

ಇಪ್ಪತ್ತು ಮುಖದ ದಾಳ ಮೇಜಿನ ಅಂಚು ದಾಟಿ
ರೇಡಿಯೇಟರಿನ ಕೆಳಗೆ ನುಗ್ಗಿತು.
ಮೂರನೆಯ ವಿಧಿ, ಅಂದಳು ತೈಮಿ.
ಕೇಳುವವನಿಗೆ ವಿಧಿಯೇ ಇಲ್ಲದ ಮೇಲೆ
ನೆಲವೇನು ಮೇಜೇನು, ಅಂದ ವಿಲ್ಪ್ಪು.
ಅಷ್ಟರಲ್ಲಿ ಕಾವಲಿನವನು ದೀಪ ಆರಿಸಿದ.

ಏಳು ದಿನ ಅದು ಅಲ್ಲೇ ಇದೆ, ಕತ್ತಲಲ್ಲಿ,
ಮೇಲಿನ ಮುಖದಲ್ಲಿ ಯಾವುದೋ ಒಂದು ಅಂಕಿ ಹೊತ್ತು.
ಹೊರಗೆ ಹಗಲು ಮೂರೂವರೆ ಗಂಟೆಯದು,
ಬಸ್ಸಿಗೆ ಕಾಯುತ್ತಾ ದಿನವೂ ಲೆಕ್ಕ ಹಾಕಿದ್ದೇನೆ.
ಗವಿಯೊಳಗೆ ಅವನು ಬಾಯಿ ತೆರೆದಿದ್ದಾನೆ,
ಉತ್ತರಕ್ಕೋ ಆಕಳಿಕೆಗೋ ನನಗೂ ಗೊತ್ತಿಲ್ಲ.

ನಿನ್ನ ಕತ್ತು ಸಣ್ಣದು, ಓಯ್ವಾ. ಟಾರ್ಚು ಹಿಡಿ.
ಅಂಗಾತ ಮಲಗಿ ಇಣುಕು.
ಮುಟ್ಟಬೇಡ. ಉಸಿರೂ ಬಿಡಬೇಡ, ಧೂಳಿದೆ.
ಓದಿ ಹೇಳು.