ಉಗುರು ಬೆಳೆಯುವಷ್ಟು ಹೊತ್ತು

ಬನ್ನಿಮಂಟಪದ ಶಾಯಿ ಕಾರ್ಖಾನೆಯಲ್ಲಿ ನನ್ನದು ಪ್ಯಾಕಿಂಗು.
ಸೀಸೆಗಳನ್ನು ಜೋಡಿಸಿ, ಪೆಟ್ಟಿಗೆಗೆ ಮೊಳೆ ಹೊಡೆದು,
ತಗಡಿನ ಅಚ್ಚಿಟ್ಟು ದೇಶದ ಹೆಸರು ಬಳಿಯುವುದು.
ಇಪ್ಪತ್ತಾರು ವರ್ಷದಲ್ಲಿ ಎಷ್ಟು ದೇಶ ಬಳಿದೆನೋ,
ಒಂದನ್ನೂ ಕಂಡವನಲ್ಲ.
ಶ್ರೀರಂಗಪಟ್ಟಣ ದಾಟಿದ್ದೇ ಅಪರೂಪ.

ಆ ಸಲದ ಪೆಟ್ಟಿಗೆಗಳ ಮೇಲೂ ಹಳೆಯ ಹೆಸರನ್ನೇ ಬಳಿದಿದ್ದೆ.
ಒಳಗಿದ್ದ ಶಾಯಿ
ಆ ಹೆಸರಿನಿಂದ ಬಿಡಿಸಿಕೊಳ್ಳಲು ಹೊರಟಿತ್ತೆಂದು
ತಿಳಿದದ್ದು ನ್ಯಾಬೆಲ್ ಹಿಂತಿರುಗಿದ ಮೇಲೆ.

ಪಡುವಾರಹಳ್ಳಿಯ ನಮ್ಮ ಮನೆ ಮೇಲೊಂದು ಕೋಣೆ,
ಗಂಗೋತ್ರಿಯಲ್ಲಿ ಓದುವವರಿಗೆ ಬಾಡಿಗೆ.
ಜನಮತಗಣನೆಗೆಂದು ಊರಿಗೆ ಹೋಗಿ ಬಂದವಳು
ಮೆಟ್ಟಿಲ ಮೇಲೆ ನಿಂತು ಎಡಗೈ ತೋರುಬೆರಳೆತ್ತಿದಳು.
ಉಗುರಿನ ಬುಡದಲ್ಲಿ ಕಪ್ಪು.
ನೋಡಿದ ಕೂಡಲೇ ಗುರುತು ಹತ್ತಿತು, ನಮ್ಮದು.
ಪಂಕಜಾಕ್ಷಿ ಶಾವಿಗೆ ಪಾಯಸ ಮಾಡಿದಳು.
ದೇಶ ಹುಟ್ಟಿದರೆ ಏನು ಮಾಡಬೇಕೋ ಯಾರಿಗೆ ಗೊತ್ತು.

ಅಲ್ಲಿ ಬಾವುಟ ಏರಿತು, ತುಪಾಕಿ ಸಿಡಿಯಿತು.
ಇಲ್ಲಿ ನಜರ್‌ಬಾದಿನ ಕಚೇರಿಯಲ್ಲಿ ಗುಮಾಸ್ತ
ಪರದೆಯ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಉರುಳಿಸಿದ,
ಮತ್ತೆ ಕೆಳಗಿಂದ ಮೇಲಕ್ಕೆ.
"ನಿನ್ನ ದೇಶ ಇದರಲ್ಲಿ ಬರ್ತಾನೇ ಇಲ್ಲವಲ್ಲಮ್ಮ,
ಹಳೇದನ್ನೇ ಒತ್ತಲಾ?"
ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟ, ನೀರು ಕೊಟ್ಟ.
ದೇಶ ಕೊಡುವುದು ಅವನ ಕೈಲಿರಲಿಲ್ಲ.
ಇವಳು ಬೇಡವೆಂದಳು. ಫಾರಂ ಅಲ್ಲೇ ಉಳಿಯಿತು.

ದಿಲ್ಲಿಯ ಮಾತುಗಳನ್ನು ಪೇಪರಿನಲ್ಲಿ ಹುಡುಕಿ ಹುಡುಕಿ ಓದಿದೆ:
ಬೆಳವಣಿಗೆಯನ್ನು ಸೂಕ್ಷ್ಮವಾಗಿ ಗಮನಿಸಲಾಗುತ್ತಿದೆ.
ಸಮಾಲೋಚನೆ ಪ್ರಗತಿಯಲ್ಲಿದೆ.
ಸೂಕ್ತ ಕಾಲದಲ್ಲಿ.
ಕೂಸು ಅಂಬೆಗಾಲಿಡುತ್ತಿದ್ದರೂ
ಸೋದರಮಾವ ಬರಲಿ ಎಂದು ಹೆಸರಿಡದೆ ಕೂತ ಮನೆಯ ಹಾಗೆ.
ಮಾವನಿಗೋ, ಆ ಕಡೆಯ ದೊಡ್ಡಪ್ಪ ಮುನಿದಾನೆಂಬ ದಿಗಿಲು;
ಅವನ ಗದ್ದೆ ಹಾದೇ ಅಲ್ಲವೇ
ಇವನ ಗದ್ದೆಗೆ ನಾಲೆ ನೀರು.

ಇತ್ತ ಉಗುರು ಬೆಳೆಯುತ್ತಿತ್ತು.
ನಮ್ಮ ಶಾಯಿ ಸೋಪಿಗೆ ಬಗ್ಗುವುದಿಲ್ಲ,
ನಿಂಬೆಹಣ್ಣಿಗೆ, ಸೀಮೆಎಣ್ಣೆಗೆ ಜಗ್ಗುವುದಿಲ್ಲ.
ಆದರೆ ಉಗುರು ತಾನೇ ಅದನ್ನು ಹೊತ್ತು ನಡೆದುಬಿಡುತ್ತದೆ,
ಅದಕ್ಕೆ ಯಾವ ಕಾರ್ಖಾನೆಯಲ್ಲೂ ಮದ್ದಿಲ್ಲ.
ಮೊದಲು ಬುಡದಲ್ಲೊಂದು ಬಿಳಿ ಗೆರೆ.
ಆಮೇಲೆ ಕಪ್ಪು ನಡುವಿಗೆ ಬಂತು,
ಆಮೇಲೆ ಇಳಿಯಬೇಕಾದ ಸ್ಟಾಪು ಸಿಗದವರ ಹಾಗೆ
ತುದಿಯಲ್ಲಿ ನಿಂತಿತು.
ಕತ್ತರಿಸುವುದನ್ನೇ ಬಿಟ್ಟಳು.
ಕೈಗವಸು ಹರಿಯುತ್ತದೆಂದು ಲ್ಯಾಬಿನಲ್ಲಿ ಮೇಷ್ಟ್ರು ಬೈದರಂತೆ.

ವಿದೇಶಿ ವಿದ್ಯಾರ್ಥಿಗಳ ಮೆರವಣಿಗೆಗೆ
ಮಂಡಿ ಮೊಹಲ್ಲಾದ ಖಲೀಲುಲ್ಲಾ ಹೊಲಿದುಕೊಟ್ಟಿದ್ದ ಬಾವುಟವನ್ನು
"ಮೇಲಿಂದ ಪತ್ರ ಬರಲಿ" ಎಂದು ಬಿಚ್ಚಿಸಿ ಇಟ್ಟುಕೊಂಡರು.
ಬರೀ ಕೋಲು ಹಿಡಿದು ನಡೆದಳು, ಎಲ್ಲರ ಸಾಲಿನಲ್ಲೇ.
ಮುಗಿದ ಮೇಲೂ ಬಿಡದೆ ಕುಕ್ಕರಹಳ್ಳಿ ಕೆರೆ ಏರಿಯಲ್ಲಿ ಹೊರಟವಳನ್ನು
ವಾಕಿಂಗಿಗೆ ಬಂದ ಯಜಮಾನರೊಬ್ಬರು ಕೇಳಿದರಂತೆ:
"ನಾಯಿ ಕಾಟಾನಾ?"
ಹೂಂ ಅಂದಳಂತೆ.

ಒಂದು ಭಾನುವಾರ ಬಟ್ಟೆ ಒಗೆಯುವಾಗ
ಉಗುರು ತಾನಾಗಿ ಮುರಿಯಿತು.
ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಕೆಳಗಿಳಿದು ಬಂದಳು,
ಸೋಪಿನ ನೊರೆ ಮೊಣಕೈವರೆಗೂ.
"ಅಂಕಲ್, ಇನ್ನು ನಾನು ಓಟು ಹಾಕಿದ್ದಕ್ಕೆ ಸಾಕ್ಷಿ?"
ನನ್ನ ಹತ್ತಿರ ಉತ್ತರ ಇರಲಿಲ್ಲ.
ಖಾಲಿ ಸೀಸೆ ಇತ್ತು, ಕೊಟ್ಟೆ.

ಆ ರಾತ್ರಿ ಪಾಳಿಯಲ್ಲಿ, ಯಾರಿಗೂ ಹೇಳದೆ,
ಒಂದು ತಗಡೆಳೆದುಕೊಂಡು ಆ ಹೆಸರು ಕೊರೆದೆ.
ಅಕ್ಷರ ಅವಳು ಚೀಟಿಯಲ್ಲಿ ಬರೆದುಕೊಟ್ಟದ್ದು;
ಮೂರನೆಯದು ನನ್ನ ಕೈಯಲ್ಲಿ ಸ್ವಲ್ಪ ವಾರೆಯಾಯಿತು.
ಆರ್ಡರಿಲ್ಲ, ಇಂಡೆಂಟಿಲ್ಲ, ಮೇಲಿನವರ ಸಹಿಯಿಲ್ಲ.
ಗೋಡೌನಿನ ಹಿಂಗೋಡೆಗೆ ಆನಿಸಿ
ನಮ್ಮದೇ ಶಾಯಿಯಲ್ಲಿ ಬ್ರಷ್ಷು ಅದ್ದಿ ಎಳೆದೆ.

ಬೀಡಿ ಹಚ್ಚದೆ ನಿಂತು ನೋಡಿದೆ.
ಒಣಗುವುದಕ್ಕೆ ನಲವತ್ತು ಸೆಕೆಂಡು.
ಬೆಳಿಗ್ಗೆ ಬಿಸಿಲು ತಗುಲಿದರೆ
ಇನ್ನೂ ಕಪ್ಪಾಗುವ ಜಾತಿ ಅದು.