ಭಟ್ಟಿಯ ಮರಳು

ಕುಕ್ಕರಿನ ಗ್ಯಾಸ್ಕೆಟ್ ತೆಗೆದಿಟ್ಟೆ, ಸೀಟಿಯನ್ನೂ.
ಇವತ್ತು ಅದು ಕೂಗಬೇಕಾಗಿಲ್ಲ.
ತಳಕ್ಕೆ ಎರಡು ಬೊಗಸೆ ಮರಳು ಹರವಬೇಕು,
ಎಂದು ಹೇಳಿಕೊಟ್ಟವಳು ಬಿಸಿಯೂಟದ ಸಾಕಮ್ಮ.
ಮರಳು ಎಲ್ಲಿಂದ ತರಲಿ? ನಮ್ಮ ಓಣಿಯಲ್ಲಿ
ಮನೆ ಕಟ್ಟಿಸುವಷ್ಟು ದುಡ್ಡು ಯಾರಿಗೂ ಇಲ್ಲ.
ಇರುವುದು ಮಂಡಕ್ಕಿ ಭಟ್ಟಿ.

ಯಾಕೆ ಅಂತ ಚಮನ್‌ಬೀ ಕೇಳಲಿಲ್ಲ.
ಬಾಣಲೆಯಿಂದ ಒಂದು ಡಬ್ಬಿ ಮೊಗೆದು ಕೊಟ್ಟರು,
ಕರ್ರಗೆ, ನುಣ್ಣಗೆ, ಬೆಳಗಿನ ಕಾವು ಇನ್ನೂ ಒಳಗಿತ್ತು.
"ಸಂಜಿಗೆ ವಾಪಸ್ ಕೊಡ್ರಿ ಟೀಚರ್.
ಪಳಗಿದ ಮರಳು ಅದು, ಹೊಸದು ಅಕ್ಕಿ ಸುಡತೈತಿ."

ಬೆಣ್ಣೆ ಮಾತ್ರ ಕೊಂಡೆ, ಅಷ್ಟು ಮಾನ ಉಳಿಸಿಕೊಂಡೆ.
ತೂಗಿದವನು ದುಗ್ಗೇಶಿಯ ತಮ್ಮ;
ಕಾಲು ಕೆಜಿ ಅಂದರೆ ಮುನ್ನೂರು ಗ್ರಾಂ ಹಾಕಿ
ಮುಖ ಆ ಕಡೆ ತಿರುಗಿಸಿದ.
ತಗಡಿನ ಡಬ್ಬಿ ಹಾಲಮ್ಮನದು. ಲಿಂಗ ಕಟ್ಟಿದ ಮನೆ,
ಮೊಟ್ಟೆ ಬೇಡ, ಮೊಸರು ಸಾಕು, ಚಿಟಿಕೆ ಸೋಡ.
ಮೊಸರೂ ಅವರದೇ.
ಋಣ ತೀರಿಸಲು ಹೊರಟವಳು
ಬೆಳಗಿನಿಂದ ಬರೀ ಸಾಲ ಮಾಡುತ್ತಿದ್ದೇನೆ.

ಆವತ್ತು ರಾತ್ರಿ ಒಂದೂವರೆ.
ಬಚ್ಚಲ ಹೊಸ್ತಿಲಲ್ಲಿ ಇವರು ಹೊಟ್ಟೆ ಹಿಡಿದು ಬಾಗಿದ್ದರು.
ನಾನು ಕೂಗಿದ್ದು ನೆನಪಿಲ್ಲ.
ನೆನಪಿರುವುದು, ದುಗ್ಗೇಶಿಯ ಆಟೋ ಸ್ಟಾರ್ಟ್ ಆಗದೆ
ಭಟ್ಟಿಯ ಹುಡುಗರು ಬರಿಗಾಲಲ್ಲಿ ದಬ್ಬಿದ್ದು,
ಹೊಂಡದ ಸರ್ಕಲ್ಲಿನವರೆಗೂ;
ಹಾಲಮ್ಮ ಸೆರಗಿನ ಗಂಟು ಬಿಚ್ಚಿ
ಎಣಿಸದೆ ನನ್ನ ಮುಷ್ಟಿಗೆ ತುರುಕಿದ್ದು.
ಅಪೆಂಡಿಕ್ಸ್ ಒಡೆದಿತ್ತು.
"ಇನ್ನೊಂದು ತಾಸು ತಡವಾಗಿದ್ದರೆ" ಎಂದು ಡಾಕ್ಟರು
ಶುರು ಮಾಡಿದ ಮಾತನ್ನು ಮುಗಿಸಲೇ ಇಲ್ಲ.

ಹನ್ನೊಂದು ದಿನ ಆಸ್ಪತ್ರೆ. ನಮ್ಮ ಇಂಚರ
ಅಲ್ಲಿ ಉಂಡಳು, ಇಲ್ಲಿ ಮಲಗಿದಳು,
ಒಬ್ಬರು ಹೇನು ತೆಗೆದರು, ಇನ್ನೊಬ್ಬರು ಜಡೆ ಹಾಕಿದರು.
ನಾವು ಮರಳಿ ಬಂದಾಗ ಹಣೆ ತುಂಬ ವಿಭೂತಿ ಬಳಿದುಕೊಂಡು
ಉರ್ದುವಿನಲ್ಲಿ ಇಪ್ಪತ್ತರವರೆಗೆ ಎಣಿಸುತ್ತಿದ್ದಳು,
ಹದಿನಾರರ ಹತ್ತಿರ ತಪ್ಪುತ್ತ.

ಇದಕ್ಕೆಲ್ಲ ಏನು ಹೇಳುವುದು?
ಧನ್ಯವಾದ ಎಂಬುದು ಮೈಕಿನ ಮಾತು.
ಶಾಲೆಯ ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆ ನನ್ನದೇ,
ಶಾಮಿಯಾನದವರನ್ನೂ ಬಿಡದೆ ನೆನೆಯುತ್ತೇನೆ.
ಹಾಲಮ್ಮನ ಮುಂದೆ ಒಮ್ಮೆ ಬಾಯಿ ತೆರೆದೆ:
"ನೀವು ಮಾಡಿದ ಉಪಕಾರ..."
"ಏ ಸುಮ್ನಿರವ್ವ, ಹಾಲು ಉಕ್ಕತೈತಿ ನೋಡು" ಅಂದರು.
ಉಕ್ಕಿರಲಿಲ್ಲ.
ಒಲೆಯನ್ನೇ ಹಚ್ಚಿರಲಿಲ್ಲ.

ಸಣ್ಣ ಉರಿ, ನಲವತ್ತು ನಿಮಿಷ.
ನಡುವೆ ಮುಚ್ಚಳ ತೆಗೆಯಬಾರದಂತೆ. ಮೂರು ಸಲ ತೆಗೆದೆ.
ಮೂರನೆಯ ಸಲಕ್ಕೆ ನಡು ಕುಸಿಯಿತು,
ಪೈಪ್ ಹಾಕಲು ಅಗೆದು ಮುಚ್ಚಿದ ನಮ್ಮ ರಸ್ತೆಯ ಹಾಗೆ.
ಏಲಕ್ಕಿಯ ವಾಸನೆಗೆ ಮಕ್ಕಳೆಲ್ಲ ಬಾಗಿಲಲ್ಲಿ:
"ಯಾರ್ದು ಟೀಚರ್ ಬರ್ತ್‌ಡೇ?"
ಯಾರದೂ ಅಲ್ಲ ಎನ್ನುವಷ್ಟರಲ್ಲಿ ಇಂಚರ,
"ನಮ್ಮಪ್ಪಂದು" ಅಂದಳು.
"ಎಷ್ಟು ವರ್ಷ?"
ಬೆರಳು ಮಡಚಿ ಮಡಚಿ ಲೆಕ್ಕ ಹಾಕಿ,
"ಹದಿನೆಂಟು ದಿನ."
ಒಳಗೆ ಇವರು ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು
ನಗಬಾರದೆಂದು ಹೇಳಿದ್ದರೂ ನಗುತ್ತಿದ್ದರು.

ಹಾಲಮ್ಮ ಮೊಟ್ಟೆಯ ಬಗ್ಗೆ ಎರಡು ಸಲ ಕೇಳಿ
ಅರ್ಧ ತಿಂದು ಅರ್ಧ ಸೆರಗಿಗೆ ಕಟ್ಟಿಕೊಂಡರು.
ಹರಿಹರಕ್ಕೆ ಬಾಡಿಗೆ ಹೋದ ದುಗ್ಗೇಶಿಯ ತುಂಡನ್ನು
ಅವನ ಕಿಟಕಿಯಲ್ಲಿ ಬಟ್ಟಲು ಕವುಚಿ ಇಟ್ಟೆ.
ಇರುವೆಗಳು ಮೊದಲೇ ಬಂದಿದ್ದವು.

ಸಂಜೆ ಮರಳು ಒಯ್ದೆ, ಇನ್ನೂ ಬೆಚ್ಚಗಿತ್ತು.
ಚಮನ್‌ಬೀ ಬಾಣಲೆಗೆ ಸುರುವಿ ಕೈಯಾಡಿಸಿದರು,
ನನ್ನದು ಯಾವುದು, ಅವರದು ಯಾವುದು.
"ಕೇಕು ಚಲೋ ಆಗೈತಿ. ತಳ ಸೀದೈತಿ" ಅಂದರು,
ಎರಡನ್ನೂ ಒಂದೇ ದನಿಯಲ್ಲಿ.
ಆಮೇಲೆ ಅದೇ ಡಬ್ಬಿಗೆ, ಖಾಲಿ ಕಳಿಸಬಾರದೆಂದು,
ಜರಡಿಯಿಂದ ಸೀದಾ ಬಿಸಿ ಮಂಡಕ್ಕಿ.

ದಾರಿಯಲ್ಲೇ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ.
ಒಂದು ಕಾಳು ಮರಳು ಹಲ್ಲಿಗೆ ಸಿಕ್ಕಿತು.
ಉಗುಳಲಿಲ್ಲ.